ಊರಿನ ಮನೆಗೆ ಒಂದು ಕಾರು

ಬೆಂಗಳೂರಿನಲ್ಲಿ ನನಗೆ ಕಾರಿನ ಅಗತ್ಯ ನಿಜವಾಗಿ ಕಂಡದ್ದೇ ಕಡಿಮೆ. ಮನೆಯಿಂದ ಮಹಾಕವಿ ಕುವೆಂಪು ರಸ್ತೆ ಮೆಟ್ರೊ ನಿಲ್ದಾಣಕ್ಕೆ ನಡೆದೇ ಹೋಗಬಹುದು (ತೀರ್ಥಹಳ್ಳಿ ಕಡೆಯವನಿಗೆ ಆ ಹೆಸರಿನ ನಿಲ್ದಾಣವೇ ಸಿಕ್ಕಿದೆ ಎಂಬ ಸಣ್ಣ ಖುಷಿಯೂ ಉಂಟು). ಕಚೇರಿ ಇರುವುದು ಬನಶಂಕರಿಯಲ್ಲಿ. ಎರಡೂ ಹಸಿರು ಮಾರ್ಗದಲ್ಲೇ ಇರುವುದರಿಂದ ನಡುವೆ ರೈಲು ಬದಲಿಸುವ ಗೋಜೂ ಇಲ್ಲ. ಬಾಡಿಗೆ ಮನೆಗೆ ವಾಹನ ನಿಲ್ಲಿಸುವ ಜಾಗವಿಲ್ಲ. ಇಂಥ ಸ್ಥಿತಿಯಲ್ಲಿ ಕಾರು ಕೊಂಡರೆ ಅದು ವಾರವಿಡೀ ಯಾರದೋ ಗೇಟಿನ ಮುಂದೆ ನಿಂತು ಜಗಳಕ್ಕೆ ಕಾರಣವಾಗುತ್ತದೆಯೇ ಹೊರತು ನಮಗೆ ಉಪಯೋಗಕ್ಕೆ ಬರುವುದಿಲ್ಲವೆಂದು ನಾನೂ ಹೆಂಡತಿಯೂ ಬಹಳ ಹಿಂದೆಯೇ ತೀರ್ಮಾನಿಸಿದ್ದೆವು.

ಕಾರು ಬೇಕಾಗಿದ್ದುದು ಊರಿನಲ್ಲಿ. ಅಲ್ಲಿ ಅಪ್ಪಯ್ಯ, ಅಮ್ಮ ಇದ್ದಾರೆ. ನನ್ನ ತಮ್ಮ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಬರುವ ದಾರಿ ಮಣ್ಣಿನದು, ಕೊನೆಯಲ್ಲಿ ಒಂದು ಕಡಿದಾದ ಏರು ಬೇರೆ. ಆರಿದ್ರಾ ಮಳೆ ಹಿಡಿಯಿತೆಂದರೆ ಪೇಟೆಯ ಆಟೋದವರು ಆ ಕಡೆಗೆ ಬರಲು ಒಪ್ಪುವುದಿಲ್ಲ. ಅಮ್ಮನಿಗೆ ಮಂಡಿನೋವು, ತಪಾಸಣೆಗೆ ಮಣಿಪಾಲಕ್ಕೆ ಹೋಗಬೇಕಾದರೆ ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ದಾಟಿ ಹೋಗಬೇಕು. ಬಾಡಿಗೆ ಕಾರನ್ನು ಮೊದಲೇ ಹೇಳಿಟ್ಟಿದ್ದರೂ ಮದುವೆಯ ಕಾಲದಲ್ಲಿ ಅದು ಸಿಗುವ ಖಾತ್ರಿ ಇರುವುದಿಲ್ಲ. ಆದ್ದರಿಂದ ಕಾರನ್ನು ಊರಿನಲ್ಲೇ ಇಡುವುದು, ತಮ್ಮನೇ ಓಡಿಸುವುದು, ನಾನು ಎಂದಿನಂತೆ ರಾತ್ರಿ ಬಸ್ಸಿನಲ್ಲೋ ಶಿವಮೊಗ್ಗದ ರೈಲಿನಲ್ಲೋ ಹೋಗಿ ಬರುವುದು ಎಂದು ನಿಶ್ಚಯಿಸಿದೆ. ತಾನು ಓಡಿಸದ ಕಾರಿಗೆ ತಾನು ಕಂತು ಕಟ್ಟುವುದು ಯಾವ ಜಾಣತನ ಎಂದು ಸ್ನೇಹಿತರು ನಕ್ಕರು. ಆದರೆ ವಸ್ತು ಎಲ್ಲಿ ಬಳಕೆಯಾಗುತ್ತದೋ ಅಲ್ಲಿರಬೇಕು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಊರಿನ ದಾರಿಯೇ ಅಳತೆಗೋಲಾದ ಮೇಲೆ ಆಯ್ಕೆಗಳು ತಾವಾಗಿಯೇ ಕಡಿಮೆಯಾದವು. ವಿದ್ಯುತ್ ಕಾರಿಗೆ ಜಿಎಸ್‌ಟಿ ಕೇವಲ 5 ಶೇಕಡ, ಓಡಿಸುವ ಖರ್ಚೂ ಕಡಿಮೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕೆಲವೊಮ್ಮೆ ದಿನಗಟ್ಟಲೆ ಕರೆಂಟು ಬಾರದ ಮನೆಯಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ. ಹಳೆಯ ಕಾರುಗಳನ್ನೂ ನೋಡಿದೆವು. ಮಲೆನಾಡಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಕರಾವಳಿಯಲ್ಲಿ ಓಡಿದ ಕಾರನ್ನು ಕೊಳ್ಳುವವರು ಹೊಳೆಯುವ ಬಣ್ಣಕ್ಕೆ ಮರುಳಾಗದೆ, ಅದನ್ನು ಗ್ಯಾರೇಜಿನಲ್ಲಿ ಮೇಲೆತ್ತಿಸಿ ತಳದ ತುಕ್ಕು ನೋಡಬೇಕು. ಬಾಗಿಲಿನ ಕೆಳಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಸೈಲೆನ್ಸರಿನ ಬೆಸುಗೆ ಇವು ಕಾರಿನ ಚರಿತ್ರೆಯನ್ನು ಮಾರುವವನಿಗಿಂತ ಪ್ರಾಮಾಣಿಕವಾಗಿ ಹೇಳುತ್ತವೆ. ಮೇಲಾಗಿ, 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದು, ಅದರ ಮೇಲಿನ ಸೆಸ್ಸೂ ಹೋಯಿತು. ಹೊಸ ಕಾರಿನ ಬೆಲೆ ಹೀಗೆ ಇಳಿದ ಮೇಲೂ ಎರಡು ಮೂರು ವರ್ಷ ಹಳೆಯ ಕಾರಿನವರು ತಮ್ಮ ಹಳೆಯ ಬೆಲೆಯನ್ನೇ ಹಿಡಿದು ಕೂತಿದ್ದರು. ಆ ಅಂತರಕ್ಕೆ ಹೊಸದೇ ವಾಸಿ ಎನಿಸಿತು.

ಉಳಿದದ್ದು ಟಾಟಾ ಪಂಚ್ ಮತ್ತು ಹುಂಡೈ ಎಕ್ಸ್‌ಟರ್. ಎರಡರ ತಳವೂ ನೆಲದಿಂದ ಚೆನ್ನಾಗಿ ಮೇಲಿದೆ, ಮೊದಲನೆಯದರದು 187 ಮಿಲಿಮೀಟರ್, ಎರಡನೆಯದರದು 185. ಪಂಚ್ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ ಐದು ನಕ್ಷತ್ರ ಪಡೆದಿತ್ತು. ಎಕ್ಸ್‌ಟರ್‌ನ ನಾಲ್ಕು ಸಿಲಿಂಡರಿನ ಎಂಜಿನ್ ಮೂರು ಸಿಲಿಂಡರಿನ ಪಂಚ್‌ಗಿಂತ ನಯವಾಗಿ ತಿರುಗುತ್ತದೆ. ಶೋರೂಮಿನವರು ಟೆಸ್ಟ್ ಡ್ರೈವ್‌ಗೆಂದು ಕರೆದೊಯ್ಯುವುದು ಸಾಮಾನ್ಯವಾಗಿ ಶಿವಮೊಗ್ಗದ ಸಮತಟ್ಟಾದ ಅಗಲ ರಸ್ತೆಗೆ. ಅಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ನಾವು ಹಟ ಹಿಡಿದು ಎರಡೂ ಕಾರುಗಳನ್ನು ಮನೆಯವರೆಗೆ ತರಿಸಿಕೊಂಡೆವು. ಅಪ್ಪಯ್ಯ, ಅಮ್ಮ, ನಾನು, ಡಿಕ್ಕಿಯಲ್ಲಿ ಒಂದು ಮೂಟೆ ಸಿಪ್ಪೆಗೋಟು (ಸಿಪ್ಪೆ ಸಮೇತ ಒಣಗಿದ ಅಡಿಕೆ) ಇಟ್ಟುಕೊಂಡು ತಮ್ಮ ಆ ಏರಿನ ನಡುಮಧ್ಯದಲ್ಲಿ ಬೇಕೆಂದೇ ನಿಲ್ಲಿಸಿ, ಮತ್ತೆ ಫಸ್ಟ್ ಗೇರಿನಲ್ಲಿ ಎಬ್ಬಿಸಿದ. ಬ್ರೇಕಿನಿಂದ ಕಾಲು ತೆಗೆದ ಕ್ಷಣದಲ್ಲಿ ಕಾರು ಹಿಂದಕ್ಕೆ ಜಾರುತ್ತದೆಯೇ, ಕ್ಲಚ್ ಸುಟ್ಟ ವಾಸನೆ ಬರುತ್ತದೆಯೇ, ಚಕ್ರ ಸಡಿಲ ಕಲ್ಲಿನ ಮೇಲೆ ಸುಮ್ಮನೆ ಸುತ್ತುತ್ತದೆಯೇ ಎಂಬುದು ಅಲ್ಲಿ ತಿಳಿಯುತ್ತದೆಯೇ ಹೊರತು ಪರದೆಯ ಅಗಲ ವರ್ಣಿಸುವ ಕರಪತ್ರದಲ್ಲಿ ಅಲ್ಲ. ಸ್ವಯಂಚಾಲಿತ ಗೇರಿನ ಎಎಂಟಿ ನನಗೆ ಹಿಡಿಸಿತ್ತು; ಘಾಟಿಯ ತಿರುವುಗಳಲ್ಲಿ ಗೇರು ತನ್ನ ಕೈಯಲ್ಲೇ ಇರಬೇಕೆಂದು ತಮ್ಮ ಪಟ್ಟು ಹಿಡಿದ. ಓಡಿಸುವವನು ಅವನಾದ್ದರಿಂದ ನಾನು ಒಪ್ಪಿದೆ. ಎರಡರಲ್ಲಿ ಯಾವುದು ಎಂಬುದನ್ನು ತೀರ್ಮಾನಿಸಿದವರು ಮಾತ್ರ ಅಮ್ಮ. ಎರಡಕ್ಕೂ ನಾಲ್ಕಾರು ಬಾರಿ ಹತ್ತಿ ಇಳಿದು, ಪಂಚ್‌ನ ಬಾಗಿಲು ಹೆಚ್ಚು ಅಗಲಕ್ಕೆ ತೆರೆಯುವುದರಿಂದ ಕಾಲು ಮಡಚುವ ಕಷ್ಟ ಕಡಿಮೆ ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಬೆಲೆಯ ವಿಷಯದಲ್ಲಿ ಎಕ್ಸ್-ಶೋರೂಮ್ (ರಸ್ತೆ ತೆರಿಗೆ, ವಿಮೆ ಸೇರದ) ಅಂಕಿಯನ್ನು ನೆಚ್ಚಿ ಯಾರೂ ಲೆಕ್ಕ ಹಾಕಬಾರದು. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ದುಬಾರಿಯಾಗಿದ್ದು, ಐದರಿಂದ ಹತ್ತು ಲಕ್ಷದ ಕಾರಿಗೆ 14 ಶೇಕಡ, ಹತ್ತು ದಾಟಿ ಇಪ್ಪತ್ತರವರೆಗೆ 17 ಶೇಕಡ, ಮೇಲೆ ಸೆಸ್ಸು ಬೇರೆ. ಹೆಚ್ಚಿನ ದರ ಹತ್ತು ಲಕ್ಷ ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ ಅನ್ವಯಿಸುತ್ತದೆ. ಹೀಗಾಗಿ 9,90,000 ರೂಪಾಯಿಯ ಕಾರಿಗೆ 1,38,600 ರೂಪಾಯಿ ತೆರಿಗೆಯಾದರೆ 10,10,000ದ ಕಾರಿಗೆ 1,71,700 ಆಗುತ್ತದೆ; ಇಪ್ಪತ್ತು ಸಾವಿರದ ಸನ್‌ರೂಫ್ ಆಸೆಗೆ ಮೂವತ್ತಮೂರು ಸಾವಿರದ ದಂಡ ತೆತ್ತಂತೆ. ಹತ್ತು ಲಕ್ಷ ದಾಟಿದರೆ 1 ಶೇಕಡ ಟಿಸಿಎಸ್ (ಮಾರುವವರೇ ಸಂಗ್ರಹಿಸಿ ಕಟ್ಟುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆಯ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ನಾವು ಮೊದಲು ಹೋಗಿದ್ದ ಒಂದು ಶೋರೂಮಿನ ಕೊಟೇಶನ್ನಿನಲ್ಲಿ ‘ಹ್ಯಾಂಡ್ಲಿಂಗ್’ ಎಂಬ ಸಾಲೊಂದಿತ್ತು. ಯಾವುದರ ಹ್ಯಾಂಡ್ಲಿಂಗ್ ಎಂದು ಕೇಳಿದಾಗ ಅಲ್ಲಿನ ಹುಡುಗ ನಕ್ಕು, ಮ್ಯಾನೇಜರಿನ ಕಡೆ ನೋಡಿ, ಅದನ್ನು ಹೊಡೆದು ಹಾಕಿದ. ಬೇಡದ ಸೀಟ್ ಕವರು, ಮ್ಯಾಟುಗಳ ಕಟ್ಟೂ ಹಾಗೆಯೇ ಹೋಯಿತು. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ. ಸ್ವಂತ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ತೆಗೆದುಕೊಂಡರೆ ಸಾಕು. ನಮ್ಮ ಕಡೆಯ ಮಳೆಗೆ ಎಂಜಿನ್ ರಕ್ಷಣೆಯ ಸೇರ್ಪಡೆ ಮಾತ್ರ ಬಿಡಬಾರದು, ಏಕೆಂದರೆ ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಅದನ್ನು ಭರಿಸುವುದಿಲ್ಲ.

ಸಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಲಕ್ಷಕ್ಕೆ 9 ಶೇಕಡ ಬಡ್ಡಿಯಂತೆ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 12,450 ರೂಪಾಯಿ, ಏಳು ವರ್ಷಕ್ಕಾದರೆ 9,650. ಕಂತು ಹಗುರವೆಂದು ಏಳು ವರ್ಷ ಆರಿಸಿದವರು ಅರವತ್ತು ಸಾವಿರಕ್ಕೂ ಹೆಚ್ಚು ಬಡ್ಡಿಯನ್ನು ಮೇಲೆ ಕಟ್ಟುತ್ತಾರೆ. ನಾವು ಐದಕ್ಕೇ ನಿಂತೆವು. ಕಂತು ನನ್ನದು, ಪೆಟ್ರೋಲು, ಸರ್ವಿಸು ತೋಟದ ಲೆಕ್ಕಕ್ಕೆ ಎಂದು ಅಪ್ಪಯ್ಯನೇ ಭಾಗ ಮಾಡಿಕೊಟ್ಟರು.

ನೋಂದಣಿಗೆ ಮೊದಲು ತಮ್ಮನೇ ಶೋರೂಮಿನವರ ಸ್ಟಾಕ್‌ಯಾರ್ಡಿಗೆ ಹೋಗಿ ಚಾಸಿ ಸಂಖ್ಯೆ, ತಯಾರಾದ ತಿಂಗಳು, ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ (ಮೊದಲ ಎರಡು ವಾರ, ಉಳಿದೆರಡು ವರ್ಷ) ಎಲ್ಲವನ್ನೂ ನೋಡಿ ಫೋಟೋ ಕಳಿಸಿದ. ನೋಂದಣಿಯಾದ ಮೇಲೆ ಕುಂದು ಕಂಡರೆ ಕಾರು ಬದಲಿಸಿಕೊಡಿ ಎಂದು ಕೇಳುವುದು ಕಷ್ಟವಾದ್ದರಿಂದ ಈ ಕೆಲಸವನ್ನು ಮೊದಲೇ ಮುಗಿಸಬೇಕು. ಕಾರು ಈಗ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿದೆ. ಕೆ.ಎ. 14ರ ಫಲಕ, ತಳಕ್ಕೆ ತುಕ್ಕು ತಡೆಯುವ ಲೇಪನ ಎರಡೂ ಆಗಿವೆ; ಮಳೆ ಶುರುವಾಗುವುದರೊಳಗೆ ಏರಿನ ಎರಡು ಗಾಲಿಪಟ್ಟಿಗೆ ಕಾಂಕ್ರೀಟು ಹಾಕಿಸುವುದು ಮಾತ್ರ ಬಾಕಿ ಉಳಿದಿದೆ.