ಕೊನೇ ಗಂಟೆಗೆ ಬಂದವನಿಗೂ ಅಷ್ಟೇ ಕೂಲಿ

ಶಿರಸಿಯ ಗೆಳೆಯನೊಬ್ಬ ಮೊನ್ನೆ ಫೋನಿನಲ್ಲಿ ನೇರವಾಗಿ ಕೇಳಿದ: "ಜೀವಮಾನವಿಡೀ ಅನ್ಯಾಯ ಮಾಡಿದವನು ಕೊನೇ ಗಳಿಗೆಯಲ್ಲಿ ಯೇಸುವನ್ನು ನಂಬಿದರೆ ಸ್ವರ್ಗ, ದಿನಾ ಒಳ್ಳೇದು ಮಾಡ್ತಾ ಬಂದವನಿಗೂ ಅದೇ ಸ್ವರ್ಗ. ಇದು ಯಾವ ನ್ಯಾಯ ಮಾರಾಯ?"

ಮಾಡಿದ್ದುಣ್ಣೋ ಮಹಾರಾಯ ಅಂತ ಕೇಳಿಕೊಂಡು ಬೆಳೆದ ಯಾರಿಗಾದರೂ ಈ ಪ್ರಶ್ನೆ ಬರಲೇಬೇಕು. ನಮ್ಮ ಇಗರ್ಜಿಗೆ ಬರುವ ಎಷ್ಟೋ ಜನರ ಮನಸ್ಸಿನಲ್ಲೂ ಇದೇ ಇದೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೇ.

ಯೇಸು ಇದಕ್ಕೆ ಒಂದು ಕಥೆ ಹೇಳಿದ್ದಾನೆ, ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ. ದ್ರಾಕ್ಷಿ ತೋಟದ ಯಜಮಾನ ಬೆಳಗಾಗುತ್ತಲೇ ಕೂಲಿಯವರನ್ನು ಕರೆಯುತ್ತಾನೆ, ದಿನಕ್ಕೆ ಒಂದು ದೆನಾರಿ (ಆ ಕಾಲದ ಬೆಳ್ಳಿ ನಾಣ್ಯ) ಅಂತ ಮಾತಾಗುತ್ತದೆ. ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ ಮತ್ತೆ ಕೆಲವರನ್ನು ಕರೆತರುತ್ತಾನೆ. ಸಂಜೆ ಐದಕ್ಕೂ ಪೇಟೆಯಲ್ಲಿ ಸುಮ್ನೆ ನಿಂತವರಿದ್ದರು. ಯಾಕೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅಂದರು. ಕೂಲಿ ಕೊಡುವಾಗ ಎಲ್ಲರಿಗೂ ಒಂದೇ ದೆನಾರಿ. ಬಿಸಿಲಲ್ಲಿ ಬೆವರು ಹರಿಸಿದವರು ಗೊಣಗಿದರು. ನಿನಗೆ ಮಾತಾಡಿದ್ದನ್ನು ಕೊಟ್ಟಿದ್ದೇನೆ, ನಾನು ಧಾರಾಳವಾಗಿ ಕೊಟ್ಟರೆ ನಿನಗೇಕೆ ಹೊಟ್ಟೆಯುರಿ ಅಂತ ಯಜಮಾನ ಕೇಳಿದ.

ಆ ಗೊಣಗಾಟ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿ. ಎರಡೂ ಕಡೆ ಸಾಲಾಗಿ ನಿಂತು, ಹಿಮ್ಮಡಿ ಮರಳಲ್ಲಿ ಹೂತುಕೊಂಡು, ಒದ್ದೆ ಹಗ್ಗವನ್ನು ಮೈಯೆಲ್ಲ ಹಿಂದಕ್ಕೆ ಬಾಗಿಸಿ ಎಳೆಯಬೇಕು. ಎಳೆದವನಿಗೆ ಪಾಲು. ಬಲೆ ದಡಕ್ಕೆ ಬಂದು ಬಂಗಡೆ ಚಡಪಡಿಸುತ್ತಿರುವಾಗ ಬಂದು ಹಗ್ಗ ಮುಟ್ಟಿದವನು ಸಮಪಾಲು ಕೇಳಿದರೆ ಜಗಳವೇ ಆಗುತ್ತದೆ, ಆಗಬೇಕಾದದ್ದೇ. ಆದರೆ ದೇವರ ಎದುರು ನಮ್ಮ ಸ್ಥಿತಿ ಆ ಲೆಕ್ಕದ್ದಲ್ಲ. ಅಲ್ಲಿ ಬಲೆ ಎಳೆದವನು ಒಬ್ಬನೇ, ಕ್ರಿಸ್ತ. ಉಳಿದ ನಾವೆಲ್ಲ ತಡವಾಗಿ ಬಂದವರು, ಬೆಳಗಿನಿಂದ ಇಗರ್ಜಿಯಲ್ಲೇ ಕೂತವರೂ ಸೇರಿ.

ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಸಂತ ಪೌಲ ಹೇಳುವುದೂ ಇದನ್ನೇ. ರಕ್ಷಣೆ ಸಿಗುವುದು ಕೃಪೆಯಿಂದ, ನಂಬಿಕೆಯ ಮೂಲಕ. ಅದು ನಾವು ಗಳಿಸಿದ್ದಲ್ಲ, ದೇವರು ಕೊಟ್ಟದ್ದು, ಹಾಗಾಗಿ ಜಂಬ ಕೊಚ್ಚಿಕೊಳ್ಳಲು ಯಾರಿಗೂ ಜಾಗವಿಲ್ಲ. ಇದನ್ನು ಬರೆದವನು ಯಾರು ಅಂತಲೂ ನೆನಪಿಡಬೇಕು. ಕ್ರಿಸ್ತನನ್ನು ಸಾರಿದ ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಒಪ್ಪಿಗೆಯಿಂದ ನಿಂತು ನೋಡಿದವನು, ಕ್ರೈಸ್ತರನ್ನು ಮನೆಮನೆಯಿಂದ ಎಳೆದು ಸೆರೆಗೆ ಹಾಕಿಸಿದವನು, ಆಮೇಲೆ ಕ್ರಿಸ್ತನ ಕಡೆ ತಿರುಗಿದವನು.

ನನಗೆ ಇದು ಬರೀ ವಾದದ ಮಾತಲ್ಲ. ನನ್ನ ಮಾವಶಿ, ಅಮ್ಮನ ಅಕ್ಕ, ಹೊನ್ನಾವರದ ಹತ್ತಿರ ಹಾಸಿಗೆ ಹಿಡಿದಿದ್ದಾಗ ದಿಂಬಿನ ಪಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದಳು. ಅದರಲ್ಲಿ ಪೆನ್ಸಿಲ್ಲಿನಿಂದ ಬರೆದ ಸಾಲುಗಳು. ಚಂದಾವರದ ಹಬ್ಬಕ್ಕೆ ಮೇಣದಬತ್ತಿ, ಪಕ್ಕದಲ್ಲಿ ಸರಿ ಗುರುತು. ತೀರಿಹೋದ ಅಣ್ಣನ ಹೆಸರಿಗೆ ಇಗರ್ಜಿಯಲ್ಲಿ ಪೂಜೆ, ಬಾಕಿ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಚಂದಾವರಕ್ಕೆ ಹೋಗುವುದನ್ನು ಅವಳು ಗಟ್ಟಿಯಿದ್ದಷ್ಟು ದಿನ ತಪ್ಪಿಸಿದವಳಲ್ಲ. ಅಲ್ಲಿಗೆ ಎಲ್ಲ ಜಾತಿ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ, ಆ ಭಕ್ತಿ ನನಗೂ ಇಷ್ಟ. ಆದರೆ ಅವತ್ತು ಅವಳು ನನ್ನ ಕೈ ಹಿಡಿದು ಕೇಳಿದ್ದು, "ಇಷ್ಟು ಸಾಕಾಗ್ತದಾ ಬಾಳಾ?"

ಎಂಬತ್ತು ದಾಟಿದ ಜೀವ, ಯಾರಿಗೂ ಕೇಡು ಬಯಸದವಳು, ಹೆದರಿಕೊಂಡು ಸಾಯಲು ಸಿದ್ಧಳಾಗಿದ್ದಳು. ಇದಕ್ಕಿಂತ ಜಾಸ್ತಿ ಬೇಸರದ ಸಂಗತಿ ನಮ್ಮ ಧರ್ಮದಲ್ಲಿ ಬೇರೆ ಇಲ್ಲ ಅಂತ ನನಗನಿಸುತ್ತದೆ. ಲೂಕನ ಸುವಾರ್ತೆಯ 23ನೇ ಅಧ್ಯಾಯ ತೆಗೆದು ಓದಿದೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಅಪರಾಧಿಗೆ ಲೆಕ್ಕ ತೋರಿಸಲು ಏನೂ ಇರಲಿಲ್ಲ, ನನ್ನನ್ನು ನೆನಪಿಸಿಕೋ ಅಂದ, ಇವತ್ತೇ ನನ್ನ ಜೊತೆ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿರುವಿ ಅಂತ ಯೇಸು ಹೇಳಿದ. ಮಾವಶಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಅಣ್ಣನ ಪೂಜೆ?" ಅಂದಳು. "ಮಾಡಿಸುವಾ, ಅವನ ಮೇಲಿನ ಪ್ರೀತಿಗೆ. ಹೆದರಿಕೆಗೆ ಬೇಡ" ಅಂದೆ.

ಇದು ಪ್ರೊಟೆಸ್ಟಂಟರ ಮಾತು, ಕಥೊಲಿಕರಾದ ನಮಗಲ್ಲ ಅನ್ನುವವರಿದ್ದಾರೆ. ಪ್ರೊಟೆಸ್ಟಂಟ್ ಪಂಥಕ್ಕೆ ಕಾರಣನಾದ ಮಾರ್ಟಿನ್ ಲೂಥರ್ 1517ರಲ್ಲಿ ಎತ್ತಿದ ಜಗಳ ಯುರೋಪನ್ನೇ ಸೀಳಿತು ನಿಜ. ಆದರೆ ಕಥೊಲಿಕ ಬಿಷಪರು ಸೇರಿದ ಟ್ರೆಂಟ್ ಮಹಾಸಭೆಯೇ 1547ರಲ್ಲಿ, ನೀತಿವಂತನೆನಿಸುವ ಮೊದಲಿನ ಯಾವ ಕೆಲಸವೂ ಆ ಕೃಪೆಯನ್ನು ಸಂಪಾದಿಸಿಕೊಡುವುದಿಲ್ಲ ಅಂತ ಬರೆದಿಟ್ಟಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೊಲಿಕ ಸಭೆ ಮತ್ತು ಲೂಥರನ್ ಜಾಗತಿಕ ಒಕ್ಕೂಟ ಒಟ್ಟಿಗೆ ಸಹಿ ಹಾಕಿದವು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆಯಿಂದಲ್ಲ. ಕೃಪೆ ಪಡೆದ ಮೇಲಿನ ಒಳ್ಳೇ ಕೆಲಸಗಳ ಬಗ್ಗೆ ಭಿನ್ನಾಭಿಪ್ರಾಯ ಈಗಲೂ ಇದೆ. ಇರಲಿ.

ಹಾಗಾದರೆ ಹೇಗೆ ಬೇಕಾದರೂ ಬದುಕಬಹುದಾ? ಪೌಲನ ಕಾಲದಲ್ಲೇ ಈ ಮಾತು ಎದ್ದಿತ್ತು, ರೋಮನರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಅವನು ಖಡಾಖಂಡಿತವಾಗಿ ಇಲ್ಲ ಅಂದಿದ್ದಾನೆ. ಕೆಲಸವಿಲ್ಲದ ನಂಬಿಕೆ ಸತ್ತದ್ದು ಅಂತ ಬೈಬಲಿನ ಇನ್ನೊಂದು ಪತ್ರದಲ್ಲಿ ಯಾಕೋಬನೂ ಹೇಳಿದ್ದಾನೆ. ಇಬ್ಬರನ್ನೂ ಒಟ್ಟಿಗೆ ನೋಡಬೇಕಾದರೆ ನಾನು ಜಕ್ಕಾಯನನ್ನು ನೆನೆಯುತ್ತೇನೆ. ಸುಂಕದವನು, ಜನರನ್ನು ಸುಲಿದು ತಿಂದವನು. ತನ್ನನ್ನು ನೋಡಲು ಅವನು ಹತ್ತಿ ಕೂತಿದ್ದ ಮರದ ಕೆಳಗೆ ಯೇಸು ನಿಂತು, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದ. ಮೊದಲು ಕದ್ದದ್ದು ವಾಪಸು ಕೊಟ್ಟು ಬಾ ಅನ್ನಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ಅನ್ನುವ ಮಾತು ಅವನ ಬಾಯಿಂದ ಬಂದದ್ದು ಆಮೇಲೆ. ಶಿರಸಿಯ ಗೆಳೆಯನಿಗೆ ನಾನು ಹೇಳಿದ್ದೂ ಇದನ್ನೇ. ಅನ್ಯಾಯಕ್ಕೊಳಗಾದವರನ್ನು ಕೃಪೆ ಮರೆಯುವುದಿಲ್ಲ, ಅವರ ದುಡ್ಡು ಅವರಿಗೆ ತಿರುಗಿ ಬಂದದ್ದೇ ಯೇಸು ಇಳಿದುಕೊಂಡ ಆ ಮನೆಯಿಂದ.

ನಮ್ಮ ಕಡೆ ಕಾಯಿಲೆಯವರ ಹಾಸಿಗೆ ಪಕ್ಕ ಕೂತು ಪ್ರಾರ್ಥನೆ ಮಾಡಿಸುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಹರಕೆ ಯಾವುದಾದರೂ ಬಾಕಿ ಇದೆಯಾ ಅಂತ ದಯವಿಟ್ಟು ಮೊದಲು ಕೇಳಬೇಡಿ. ಲೂಕ 23 ಓದಿ, ನಿಧಾನವಾಗಿ, ಅವರಿಗೆ ಕೇಳಿಸುವ ಹಾಗೆ.