ಅಪ್ಪನ ನಂಬರು ಇನ್ನೂ ಬಾಯಿಪಾಠ ಇದೆ

ಹೋದ ತಿಂಗಳು ಒಂದು ಸಣ್ಣ ಆಪರೇಷನ್ ಇತ್ತು. ಆಸ್ಪತ್ರೆಯಲ್ಲಿ ಫಾರಂ ತುಂಬುತ್ತಾ ಒಂದು ಕಡೆ ಪೆನ್ನು ನಿಂತುಬಿಟ್ಟಿತು. ‘ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು’ ಅಂತ ಒಂದು ಖಾಲಿ ಗೆರೆ, ಪಕ್ಕದಲ್ಲಿ ‘ಸಂಬಂಧ’ ಅಂತ ಒಂದು ಪುಟ್ಟ ಚೌಕ. ನೋಡಿದರೆ ಕೈ ತಾನಾಗೇ ಅಪ್ಪನ ನಂಬರಿನ ಮೊದಲ ನಾಲ್ಕು ಅಂಕಿ ಬರೆದಿತ್ತು. ನಾವು ಮಾತು ಬಿಟ್ಟು ಆರು ವರ್ಷ ಆಯಿತು. ಫೋನಿನಿಂದ ನಂಬರು ಅಳಿಸಿದ್ದೇನೆ, ಆದರೆ ಬಾಯಿಪಾಠ ಹಾಗೇ ಉಳಿದಿದೆ. ಆ ನಾಲ್ಕು ಅಂಕಿ ಹೊಡೆದುಹಾಕಿ ಗೆಳತಿಯ ನಂಬರು ಬರೆದೆ.

“ಮನೆಯವರು ಯಾರೂ ಇಲ್ವಾ?” ಅಂತ ಕೌಂಟರಿನಲ್ಲಿದ್ದವರು ಕೇಳಿದರು. “ಇದ್ದಾರೆ, ಆದರೆ ಇವರಿಗೇ ಫೋನ್ ಮಾಡಿ” ಅಂದೆ. ಇಷ್ಟನ್ನು ಗಂಟಲು ಕಟ್ಟದೆ ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು. ಮೊದಲೆಲ್ಲ ಸುಳ್ಳು ಹೇಳುತ್ತಿದ್ದೆ. ದೂರ ಇದ್ದಾರೆ, ವಯಸ್ಸಾಗಿದೆ, ಓಡಾಡುವುದು ಕಷ್ಟ, ಹೀಗೆ ಬಾಯಿಗೆ ಬಂದದ್ದು.

ನಡೆದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಒಂದು ದಿನದ ಜಗಳ ಅಲ್ಲ ಅದು. ಏನು ಹೇಳಿದರೂ “ಅದೆಲ್ಲ ನಿನ್ನ ಕಲ್ಪನೆ” ಅನ್ನುವ ಮನೆಯಲ್ಲಿ ಬೆಳೆದೆ. ದೊಡ್ಡವಳಾದ ಮೇಲೂ ಅವರ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದರೆ ಎರಡು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದೆ.

ನಿಲ್ಲಿಸಿದರೆ ಹಗುರ ಆಗುತ್ತೆ ಅಂದುಕೊಂಡಿದ್ದೆ. ಒಂದು ವಾರ ಆಯಿತು ಕೂಡ. ಆಮೇಲೆ ಬಂದ ದುಃಖಕ್ಕೆ ನಾನು ತಯಾರಿರಲಿಲ್ಲ. ಯಾರಾದರೂ ತೀರಿಕೊಂಡರೆ ಜನ ಬಂದು ಪಕ್ಕದಲ್ಲಿ ಕೂರುತ್ತಾರೆ, ಅಲ್ವಾ? ಇಲ್ಲಿ ಅಪ್ಪ ಬದುಕಿದ್ದಾರೆ, ಬಿಟ್ಟು ಬಂದವಳು ನಾನೇ, ಹಾಗಿದ್ದ ಮೇಲೆ ಅಳುವುದಕ್ಕೆ ನಿನಗೇನು ಹಕ್ಕಿದೆ ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಪಾಲಿನ್ ಬಾಸ್ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇಂಥ ನೋವಿಗೆ ‘ಆಂಬಿಗ್ಯುಯಸ್ ಲಾಸ್’, ಅಂದರೆ ಸ್ಪಷ್ಟವಿಲ್ಲದ ಅಗಲಿಕೆ, ಅಂತ ಹೆಸರು ಕೊಟ್ಟಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರ ಜೊತೆ ಅವರು ಕೆಲಸ ಮಾಡಿದ್ದರು. ಇದ್ದಾರೋ ಇಲ್ಲವೋ ಗೊತ್ತಿಲ್ಲದವರಿಗಾಗಿ ಕಾಯುತ್ತಾ ಕೂತವರು ಅವರೆಲ್ಲ. ನನ್ನ ಕಥೆ ಬೇರೆ. ಆದರೂ ಕೊನೆ ಕಾಣದ ಅಗಲಿಕೆ ಅನ್ನುವುದು ಒಂದಿದೆ, ಅದಕ್ಕೂ ದುಃಖ ಪಡಬಹುದು ಅಂತ ಓದಿದ ದಿನ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ.

ಇನ್ನೊಂದು, ಇದು ನನ್ನೊಬ್ಬಳಿಗೇ ಆಗಿದೆ ಅನ್ನುವ ನಾಚಿಕೆ. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲೆಮರ್ ಅಮೆರಿಕದಲ್ಲಿ 1,340 ಜನರನ್ನು ಕೇಳಿದಾಗ ನೂರಕ್ಕೆ 27 ಮಂದಿ ಕುಟುಂಬದ ಯಾರೋ ಒಬ್ಬರ ಜೊತೆ ಸಂಪರ್ಕ ಕಡಿದುಕೊಂಡಿದ್ದೇವೆ ಅಂದರಂತೆ. ಅದು ಸಮಾಧಾನ ಕೊಟ್ಟಿತು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ರಿನ್ ರೆಝೆಕ್ ತಂಡದ ಅಧ್ಯಯನ ಮಾತ್ರ ನಿದ್ದೆ ಕೆಡಿಸಿತು. ಅಪ್ಪನಿಂದ ದೂರವಾದ ಮಕ್ಕಳಲ್ಲಿ ನೂರಕ್ಕೆ 69 ಮಂದಿ ಮುಂದೆ ಮತ್ತೆ ಸಂಪರ್ಕಕ್ಕೆ ಬಂದಿದ್ದಾರೆ ಅಂತ ಅದರಲ್ಲಿತ್ತು. ಹಾಗಾದರೆ ಉಳಿದ 31ರಲ್ಲಿ ನಾನಿದ್ದರೆ? ವಾಪಸ್ ಹೋಗದಿದ್ದರೆ ನಾನು ಗುಣವಾಗಿಲ್ಲ ಅಂತಲಾ?

ನನ್ನನ್ನು ನಿಜವಾಗಿ ಹಿಡಿದಿಟ್ಟಿದ್ದು ಬೇರೆ. ದಿನಾ ಪಾತ್ರೆ ತೊಳೆಯುವಾಗ ಮನಸ್ಸಿನಲ್ಲೇ ಅಪ್ಪನ ಜೊತೆ ವಾದ ಮಾಡುತ್ತಿದ್ದೆ. ನಲ್ಲಿ ಸುರಿಯುತ್ತಲೇ ಇರುತ್ತಿತ್ತು, ಒಂದೇ ಲೋಟವನ್ನು ಮತ್ತೆ ಮತ್ತೆ ಉಜ್ಜುತ್ತಾ ಒಂದೇ ಮಾತು: “ನಾನು ಸುಳ್ಳು ಹೇಳಿಲ್ಲ ಅಪ್ಪ.” ಒಂದು ಸಲ ಕೌನ್ಸೆಲರ್ ಕೇಳಿದರು, “ಅವರು ಹೌದು ಅಂತ ಒಪ್ಪಿಕೊಂಡರು ಅಂತಲೇ ಇಟ್ಟುಕೊಳ್ಳಿ. ಆಮೇಲೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಒಂದು ‘ಹೌದು’ಗಾಗಿ ನನ್ನ ಬದುಕನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದೆ. ನಡೆದದ್ದು ನಡೆದಿದೆ, ನನಗೆ ಗೊತ್ತು. ಅದಕ್ಕೆ ಅವರ ಸಹಿ ಬೇಕಾಗಿಲ್ಲ. ಇದು ಒಂದೇ ದಿನದಲ್ಲಿ ತಲೆಗೆ ಇಳಿಯಲಿಲ್ಲ. ಒಂದು ಸಂಜೆ ಪಾತ್ರೆ ಎಲ್ಲ ತೊಳೆದು ಮುಗಿಸಿದ ಮೇಲೆ ಗೊತ್ತಾಯಿತು, ಎಷ್ಟೋ ದಿನದಿಂದ ಆ ವಾದ ಶುರುವಾಗೇ ಇಲ್ಲ ಅಂತ.

“ಎಷ್ಟಾದರೂ ಅಪ್ಪ ಅಲ್ವಾ” ಅನ್ನುವವರು ಈಗಲೂ ಇದ್ದಾರೆ. ಅಪ್ಪ ಆಗಿರುವುದಕ್ಕೇ ಇಷ್ಟು ನೋವು. ಬೇರೆ ಯಾರೋ ಆಗಿದ್ದರೆ ಎಂದೋ ಮರೆತಿರುತ್ತಿದ್ದೆ. ಕೆಮ್ಮಿದರೆ ನನ್ನ ಗಂಟಲಲ್ಲಿ ಅವರದೇ ಕೆಮ್ಮು ಕೇಳುತ್ತೆ. ಮೊದಲು ಅದಕ್ಕೆ ಮೈ ಜುಮ್ ಅನ್ನುತ್ತಿತ್ತು, ಈಗ ಇಲ್ಲ.

ತಮ್ಮ ಅವರ ಜೊತೆ ಮಾತಾಡುತ್ತಾನೆ, ಮಾತಾಡಲಿ. ನಾನು ಕೇಳಿದರೆ ಮಾತ್ರ ಅಪ್ಪನ ಸುದ್ದಿ ಹೇಳು, ಅಲ್ಲಿಂದ ಇಲ್ಲಿಗೆ ಮಾತು ಹೊರಬೇಡ ಅಂತ ಒಪ್ಪಂದ ಮಾಡಿಕೊಂಡಿದ್ದೇವೆ. ಮಧ್ಯೆ ಸಿಕ್ಕವನ ಕಷ್ಟವೂ ಸಣ್ಣದಲ್ಲ, ಅದನ್ನು ನೋಡಲು ನನಗೆ ತಡವಾಯಿತು.

ಆಪರೇಷನ್ ಆದ ಸಂಜೆ ಅವನೇ ಫೋನ್ ಮಾಡಿದ. “ಅಕ್ಕಾ, ಅಪ್ಪನಿಗೆ ಹೇಳ್ಲಾ?”

ಸ್ವಲ್ಪ ಹೊತ್ತು ಸುಮ್ನೆ ಇದ್ದೆ. “ಹೇಳು. ಚೆನ್ನಾಗಿದ್ದೀನಿ ಅಂತ ಹೇಳು.”

“ಬೇರೆ ಏನಾದ್ರೂ?”

“ಇಲ್ಲ, ಅಷ್ಟೇ.”

ಅವರು ಏನಂದರು ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತು ರಾತ್ರಿ ಬೇಗ ನಿದ್ದೆ ಬಂತು.