ಶೇಡಿ ಮಣ್ಣಿನ ಸ್ತೂಪಗಳು: ಕೆಲಸ ಎಲ್ಲಿಯವರೆಗೆ ಬಂತು

ಶಿರೂರಿನ ಗುಡ್ಡ ಕುಸಿತದಲ್ಲಿ ತೀರಿಕೊಂಡವರ ನೆನಪಿಗೆ ನಾನು ಮಾಡುತ್ತಿರುವ ಮಣ್ಣಿನ ಸ್ತೂಪಗಳ ಅಚ್ಚು ಕೊನೆಗೂ ಹದಕ್ಕೆ ಬಂದಿದೆ. ಅಂಗೈಯಗಲದ ಪೀಠ, ಅದರ ಮೇಲೆ ಗುಮ್ಮಟದಂಥ ಅಂಡ, ತುದಿಗೊಂದು ಮೊಟಕು ಛತ್ರಿ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ನೋಡಿದ ತ್ಸಾ-ತ್ಸಾಗಳು ಇದಕ್ಕೆ ಮೂಲ. ಹಸಿಮಣ್ಣನ್ನು ಅಚ್ಚಿಗೆ ಒತ್ತಿ ತೆಗೆಯುವ ಪುಟ್ಟ ಸ್ತೂಪಗಳು, ಮೂರ್ತಿಗಳು ಅವು. ತೀರಿಕೊಂಡವರ ಬೂದಿಯನ್ನು ಮಣ್ಣಿಗೆ ಬೆರೆಸಿ ಮಾಡುವ ಪದ್ಧತಿಯೂ ಉಂಟು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ಹೊಳೆಗೆ ನುಗ್ಗಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಹೊಳೆಯಲ್ಲಿ ಮುಳುಗಿದ್ದ ಲಾರಿಯೊಂದನ್ನು ಮೇಲೆತ್ತುವಾಗ ಸೆಪ್ಟೆಂಬರ್ ಕೊನೆಯ ವಾರ. ಅಷ್ಟು ಕಾಲ ದಾರಿ ಕಾದ ಮನೆಯವರನ್ನು ನೆನೆದರೆ, ಮುಖವಿರುವ ಯಾವ ಮೂರ್ತಿಯನ್ನೂ ಮಾಡಲು ನನಗೆ ಕೈ ಬರಲಿಲ್ಲ. ಸ್ತೂಪಕ್ಕೆ ಮುಖವಿಲ್ಲ. ಇಲ್ಲದವರನ್ನು ಹಾಗೆಯೇ ಗೌರವಿಸಬಲ್ಲ ಆಕಾರ ಅದು.

ಮಣ್ಣಿನ ವಿಷಯದಲ್ಲಿ ನನ್ನದು ಹಟ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ; ಅಡಿಯಲ್ಲಿ ಬಿಳಿಚು ಶೇಡಿ ಮಣ್ಣು. ಮಳೆನೀರು ಚಿರೆಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯನ್ನು ಸೇರುತ್ತದೆ. ನೀರು ಕುಡಿದ ಶೇಡಿ ಬಲ ಕಳೆದುಕೊಳ್ಳುತ್ತದೆ. ಬುಡವನ್ನು ರಸ್ತೆಗಾಗಿ ನೆಟ್ಟಗೆ ಕಡಿದಿದ್ದರೆ ಮೇಲಿನದನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಇದೇ ಶೇಡಿಯನ್ನು ನೆನೆಸಿ ನಮ್ಮ ತಾಯಂದಿರು ಕೆಮ್ಮಣ್ಣಿನ ಗೋಡೆಯ ಮೇಲೆ ಚಿತ್ತಾರ ಬರೆದರು. ಹಾಗಾಗಿ ಸ್ತೂಪದ ಪೀಠಕ್ಕೆ ಶೇಡಿ, ಅಂಡಕ್ಕೆ ಚಿರೆಕಲ್ಲಿನ ಪುಡಿ ಬೆರೆಸಿದ ಕೆಮ್ಮಣ್ಣು. ಶಿರೂರಿನ ಮಣ್ಣನ್ನು ಮಾತ್ರ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅದು ಅಲ್ಲಿಯವರ ದುಃಖ, ನನ್ನ ಸಾಮಗ್ರಿಯಲ್ಲ. ನನ್ನ ಶೇಡಿ ಕುಮಟಾದ ನಮ್ಮ ಮನೆಯ ಹಿಂದಿನ ಧರೆಯದು, ಅಂದರೆ ಕಡಿದ ಗುಡ್ಡದ ಬದಿಯದು.

ಎರಡು ಮಣ್ಣುಗಳನ್ನು ಒಂದಾಗಿಸುವುದೇ ಈ ತಿಂಗಳ ಮುಖ್ಯ ಕೆಲಸವಾಯಿತು. ಶೇಡಿಯಲ್ಲಿ ಜಿಗುಟು ಕಡಿಮೆ. "ಶೇಡಿ ಗೋಡೆಗೆ ಸರಿ ತಂಗಿ, ಗಡಿಗೆಗೆ ಆಗುವುದಿಲ್ಲ" ಎಂದರು ಗಡಿಗೆ ಮಾಡುವ ಮನೆಯ ಅಜ್ಜಿ. ಗದ್ದೆಯ ಅಂಟುಮಣ್ಣು ಸೇರಿಸಿದ ಮೇಲೆ ಪೀಠ ನಿಂತಿತು. ಆದರೆ ಒಣಗುವಾಗ ಬಿಳಿಯೂ ಕೆಂಪೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಬೆಸುಗೆ ಬಿಡುತ್ತಿತ್ತು. ಈಗ ಎರಡನ್ನೂ ಕಲಸಿದ ತೆಳು ರಾಡಿಯನ್ನು ನಡುವೆ ಸವರಿ, ಒದ್ದೆ ಗೋಣಿ ಮುಚ್ಚಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸುತ್ತಿದ್ದೇನೆ. ಬೆಸುಗೆ ನಿಲ್ಲುತ್ತಿದೆ.

ಆವಿಗೆಯಲ್ಲಿ ಸುಡುವುದಿಲ್ಲ. ಸುಟ್ಟರೆ ಕಪಾಟಿನಲ್ಲಿಡುವ ವಸ್ತುವಾಗುತ್ತದೆ. ಸುಡದ ಒಂದರ ಮೇಲೆ ಪರೀಕ್ಷೆಗಾಗಿ ನೀರು ಹನಿಸಿದೆ: ಮೊದಲು ಪೀಠ ಮೆತ್ತಗಾಯಿತು, ಬಿಳಿ ರಾಡಿ ಜಾರಿತು, ಕೆಂಪು ಅಂಡ ಇಡಿಯಾಗಿ ವಾಲಿತು. ಗುಡ್ಡ ಕುಸಿಯುವ ಕ್ರಮವೇ ಅದು. ನೋಡುವವರಿಗೆ ಅದು ಕಾಣಬೇಕು. ಸ್ತೂಪದೊಳಗೆ ಧಾನ್ಯ ಇಡುವ ಸಂಪ್ರದಾಯವನ್ನು ಅನುಸರಿಸಿ ಪ್ರತಿಯೊಂದರಲ್ಲಿ ಕಗ್ಗ ಭತ್ತದ ಕಾಳು ಇಡುತ್ತಿದ್ದೇನೆ. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳಿ ಬೆಳೆಯುವ ತಳಿ ಅದು.

ಬೌದ್ಧ ರೂಪ ನಮ್ಮ ನೆಲಕ್ಕೆ ಹೊರಗಿನದಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಬನವಾಸಿಯ ನಾಗಶಿಲ್ಪವನ್ನು ನೋಡಿ ಬನ್ನಿ ಎನ್ನುತ್ತೇನೆ. ಅದರ ಪ್ರಾಕೃತ ಶಾಸನದಲ್ಲಿ ಚುಟು ಅರಸುಮನೆತನದ ನಾಗಶ್ರೀ ಕೊಟ್ಟ ದಾನಗಳು ಮೂರು: ನಾಗ, ಕೆರೆ, ಬೌದ್ಧ ಭಿಕ್ಷುಗಳು ತಂಗುವ ವಿಹಾರ. ಶಿಲ್ಪಿ ನಟಕನ ಹೆಸರೂ ಅಲ್ಲಿದೆ. ನೀರನ್ನೂ ವಿಹಾರವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಸಾಲಿಗಿಂತ ದೊಡ್ಡ ಆಧಾರ ನನಗೆ ಬೇಡ.

ಇನ್ನು ಮುಂದಿನದನ್ನು ಒಬ್ಬಳೇ ಮಾಡುವ ಮನಸ್ಸಿಲ್ಲ. ಕ್ಯೋಟೋದ ಒಟಾಗಿ ನೆನ್‌ಬುತ್ಸುಜಿ ದೇವಾಲಯ 1950ರ ಚಂಡಮಾರುತದಲ್ಲಿ ಹಾಳಾಗಿತ್ತು. ಅಲ್ಲಿನ 1200 ಅರ್ಹಂತರ (ಬುದ್ಧನ ಶಿಷ್ಯರ) ಕಲ್ಲಿನ ಮೂರ್ತಿಗಳನ್ನು ಶಿಲ್ಪಿ ಕೋಚೋ ನಿಶಿಮುರಾ ಅವರ ಮಾರ್ಗದರ್ಶನದಲ್ಲಿ ಕೆತ್ತಿದವರು ಸಾಮಾನ್ಯ ಭಕ್ತರು, 1981ರಿಂದ 1991ರವರೆಗೆ. ಇಲ್ಲಿಯೂ ಗುಡ್ಡದಡಿ ಬದುಕುವವರೇ ಅಚ್ಚು ಒತ್ತಲಿ. ಈಗಿನ ಪ್ಲಾಸ್ಟರ್ ಅಚ್ಚು ಅಷ್ಟು ಕೈಗಳಿಗೆ ತಾಳುವುದಿಲ್ಲ. ಹಲಸಿನ ಮರದ್ದೊಂದನ್ನು ಬಡಗಿಯಿಂದ ಮಾಡಿಸುತ್ತಿದ್ದೇನೆ. ಸ್ತೂಪಗಳನ್ನು ಹೊಳೆದಡದಲ್ಲಿ ಸಾಲಾಗಿ ಇಡಲು ಉಳುವರೆಯವರ ಒಪ್ಪಿಗೆ ಮೊದಲು ಬೇಕು. ಅವರು ಬೇಡವೆಂದರೆ ನಮ್ಮ ಧರೆಯ ಬುಡದಲ್ಲಿಯೇ ಇಡುತ್ತೇನೆ.